ಜೀಪಿನಲ್ಲಿ ಅಜ್ಜನ ಕೋವಿ ಸಿಕ್ಕಿ ತಮ್ಮನ ಮೇಲೆ ಕೇಸಾಗಿದೆ, ಏನು ಮಾಡಲಿ?

ತೋಟದಮನೆ: ನಿನ್ನೆ ರಾತ್ರಿ ಚೆಕ್‌ಪೋಸ್ಟ್‌ನಲ್ಲಿ ತಮ್ಮನ ಜೀಪು ನಿಲ್ಲಿಸಿದ್ದಾರೆ. ಕೇಳಿದ್ದು ಇನ್ಶೂರೆನ್ಸ್ ಕಾಗದ, ಸಿಕ್ಕಿದ್ದು ಹಿಂದಿನ ಸೀಟಿನ ಕೆಳಗೆ ಗೋಣಿಚೀಲದಲ್ಲಿ ಸುತ್ತಿಟ್ಟಿದ್ದ ಅಜ್ಜನ ಒಂಟಿನಳಿಗೆ ಕೋವಿ. ಲೈಸೆನ್ಸ್ ಅಜ್ಜನ ಹೆಸರಲ್ಲಿದೆ, ಅವರು ತೀರಿಕೊಂಡು ಎರಡು ವರ್ಷ ಆಯ್ತು. ರಿಪೇರಿಗೆ ಒಯ್ಯುತ್ತಿದ್ದ ಅಷ್ಟೆ. ಅಮ್ಮ ಊಟ ಬಿಟ್ಟು ಕೂತಿದ್ದಾರೆ.

ಕರಿಕೋಟು: ಲೈಸೆನ್ಸ್ ಜಮೀನಿನ ಹಾಗೆ ಮೊಮ್ಮಕ್ಕಳಿಗೆ ಬರಲ್ಲ. ಅಜ್ಜ ಹೋದ ಮೇಲೆ ಕೋವಿಯನ್ನು ಠಾಣೆಯಲ್ಲೋ ಲೈಸೆನ್ಸ್ ಇರುವ ಡೀಲರ್ ಹತ್ತಿರವೋ ಜಮಾ ಮಾಡಿ, ತಮ್ಮನ ಹೆಸರಿಗೆ ಬೇರೆ ಅರ್ಜಿ ಹಾಕಬೇಕಿತ್ತು. ಎಫ್‌ಐಆರ್ ಪ್ರತಿ ತಗೊಂಡು ಸೆಕ್ಷನ್ ನೋಡಿ. ಶಸ್ತ್ರಾಸ್ತ್ರ ಕಾಯ್ದೆಯ (ಆರ್ಮ್ಸ್ ಆಕ್ಟ್) 25(1ಬಿ), ಅಂದ್ರೆ ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಂಡ ಸೆಕ್ಷನ್ ಇದ್ದರೆ, 2019ರ ತಿದ್ದುಪಡಿ ಆದ ಮೇಲೆ ಕನಿಷ್ಠ 2 ವರ್ಷ, ಗರಿಷ್ಠ 5 ವರ್ಷ ಜೈಲು, ದಂಡ ಬೇರೆ.

ಕಾಫಿಗಿಡ: ಕೊಡಗಲ್ಲಿ ಲೈಸೆನ್ಸೇ ಬೇಡ ಅಲ್ವಾ?

ಕರಿಕೋಟು: ಆ ವಿನಾಯಿತಿ ಕೊಡವರಿಗೆ, ಜಮ್ಮಾ (ಕೊಡಗಿನ ಹಳೇ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೆ ಮಾತ್ರ. ಅದನ್ನು ನಂಬಿ ಬೇರೆಯವರು ಕೋವಿ ಇಟ್ಟುಕೊಳ್ಳಬೇಡಿ. @ತೋಟದಮನೆ, ಅದೇ ಕಾಯ್ದೆಯ ಸೆಕ್ಷನ್ 39ರ ಪ್ರಕಾರ ಇಂಥ ಕೇಸು ನಡೆಸೋಕೆ ಜಿಲ್ಲಾ ಮ್ಯಾಜಿಸ್ಟ್ರೇಟ್ ಅನುಮತಿ ಬೇಕು, ವಕೀಲರಿಗೆ ಅದನ್ನು ಮೊದಲು ನೋಡೋಕೆ ಹೇಳಿ. ಅಜ್ಜನ ಹಳೇ ಲೈಸೆನ್ಸ್ ಪುಸ್ತಕ, ಮರಣ ಪ್ರಮಾಣಪತ್ರ ಎರಡನ್ನೂ ಹುಡುಕಿಡಿ, ಜಾಮೀನಿಗೆ ಬೇಕಾಗುತ್ತೆ.

ತೋಟದಮನೆ: ಪುಸ್ತಕ ಅಜ್ಜನ ಟ್ರಂಕಿನಲ್ಲಿ ಸಿಕ್ತು ಸಾರ್. ಬೆಳಿಗ್ಗೆಯೇ ವಕೀಲರ ಹತ್ತಿರ ಹೋಗ್ತೀನಿ.