ಸೈಕಲ್, ಕುದುರೆ, ನಡಿಗೆ ಮೂರೂ ಸೇರಿದ ಸಾಂತಿಯಾಗೊ ಯಾತ್ರೆಗೆ ಅಪ್ಪನನ್ನು ಕರೆದುಕೊಂಡು ಹೋಗಬಹುದಾ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಸ್ಪೇನಿನ ಕಮಿನೊ ದೆ ಸಾಂತಿಯಾಗೊ, ಅಂದರೆ ಸಂತ ಯಾಕೋಬರ ಸಮಾಧಿ ಇದೆ ಅನ್ನುವ ಸಾಂತಿಯಾಗೊ ಊರಿಗೆ ಹೋಗುವ ಹಳೆಯ ಕ್ರೈಸ್ತ ಯಾತ್ರೆಯ ದಾರಿ, ಅಲ್ಲಿಗೆ ಹೋಗಿ ಬಂದವರು ಇಲ್ಲಿದ್ದರೆ ದಯವಿಟ್ಟು ಹೇಳಿ. ಅಪ್ಪನಿಗೆ 66 ವರ್ಷ. ಶಾಲೆಯಲ್ಲಿ ಇತಿಹಾಸ ಪಾಠ ಮಾಡುತ್ತಿದ್ದವರು. ಈ ದಾರಿಯ ಬಗ್ಗೆ ಹಿಂದೆಂದೋ ಓದಿ, ಒಮ್ಮೆ ನೋಡಬೇಕು ಅಂತ ಹೇಳುತ್ತಲೇ ಇದ್ದಾರೆ. ಈಗ ಗೈಡ್ ಜೊತೆಗಿರುವ ಒಂದು ಪ್ಯಾಕೇಜ್ ಸಿಕ್ಕಿದೆ. ಬುರ್ಗೋಸ್‌ನಿಂದ ಲಿಯೋನ್‌ವರೆಗೆ ಸೈಕಲ್. ಅಲ್ಲಿಂದ ವ್ಯಾನ್. ಒ ಸೆಬ್ರೈರೊ ಬೆಟ್ಟಕ್ಕೆ ಕುದುರೆ. ಸಾರ್ರಿಯಾದಿಂದ ಸಾಂತಿಯಾಗೊವರೆಗೆ ನಡಿಗೆ.

ಅಪ್ಪ ದಿನಾ ನಡೆಯುತ್ತಾರೆ, ಸೈಕಲ್ಲೂ ಗೊತ್ತು. ಆದರೆ ಕುದುರೆ ಮೇಲೆ ಕೂತೇ ಇಲ್ಲ, ಭಯ ಇದೆ. ಇನ್ನೊಂದು, ಹೀಗೆ ಬೇರೆ ಬೇರೆ ಥರ ಹೋದರೆ ಕೊನೆಗೆ ಕೊಡುವ ಪತ್ರ ಸಿಗುತ್ತದಾ? ನಾವು ಕ್ರೈಸ್ತರಲ್ಲ, ಅದಕ್ಕೇನಾದರೂ ತೊಂದರೆಯಾ? ಸೈಕಲ್, ಕುದುರೆ ಅಂದರೆ ಯಾತ್ರೆ ಅಂತ ಅನ್ನಿಸುತ್ತದಾ ಅಂತಲೂ ಅಪ್ಪ ಕೇಳುತ್ತಿದ್ದಾರೆ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಉತ್ತರ 1

ಖಂಡಿತ ಕರೆದುಕೊಂಡು ಹೋಗಿ. ನಾನೂ ನನ್ನ ಅಕ್ಕನೂ ಒಂದು ಸೆಪ್ಟೆಂಬರ್‌ನಲ್ಲಿ ಹೆಚ್ಚುಕಮ್ಮಿ ಇದೇ ದಾರಿಯಲ್ಲಿ ಹೋಗಿ ಬಂದೆವು. ಆಗ ಅಕ್ಕನಿಗೆ 61, ಮಂಡಿ ನೋವು ಬೇರೆ.

ಮೊದಲು ಪತ್ರದ ವಿಷಯ ಮುಗಿಸುತ್ತೇನೆ. ಅದಕ್ಕೆ ಕಂಪೋಸ್ತೇಲಾ ಅನ್ನುತ್ತಾರೆ. ನಡೆದು ಅಥವಾ ಕುದುರೆಯಲ್ಲಿ ಹೋದರೆ ಕನಿಷ್ಠ 100 ಕಿ.ಮೀ., ಸೈಕಲ್ಲಾದರೆ 200 ಕಿ.ಮೀ. ಆಗಿರಬೇಕು. ಸಾರ್ರಿಯಾದಿಂದ ಸಾಂತಿಯಾಗೊಗೆ ಸುಮಾರು 115 ಕಿ.ಮೀ. ಇದೆ. ಅಷ್ಟನ್ನೂ ನಡೆದುಬಿಟ್ಟರೆ ಸಾಕು, ಹಿಂದಿನ ಸೈಕಲ್ ಲೆಕ್ಕಕ್ಕೆ ನೀವು ತಲೆ ಕೆಡಿಸಿಕೊಳ್ಳಬೇಕಿಲ್ಲ. ಕ್ರೆಡೆನ್ಸಿಯಲ್ ಅಂತ ಮಡಚುವ ಪುಸ್ತಕ ಕೊಡುತ್ತಾರೆ. ಸಾರ್ರಿಯಾದಿಂದ ಮುಂದೆ ಅದರಲ್ಲಿ ದಿನಕ್ಕೆ ಎರಡಾದರೂ ಸೀಲು ಬೀಳಬೇಕು. ಚರ್ಚು, ಕಾಫಿ ಅಂಗಡಿ, ತಂಗುವ ಮನೆ, ಎಲ್ಲಿ ಬೇಕಾದರೂ ಹಾಕಿಸಬಹುದು. ಇದನ್ನು ಗೈಡ್‌ಗೆ ಬಿಡಬೇಡಿ, ನೀವೇ ನೆನಪಿಟ್ಟುಕೊಳ್ಳಿ. ಕ್ರೈಸ್ತರೇ ಆಗಿರಬೇಕು ಅಂತಿಲ್ಲ. ಯಾಕೆ ಬಂದಿರಿ ಅಂತ ಕೇಳುತ್ತಾರೆ. ಧಾರ್ಮಿಕವೋ ಆಧ್ಯಾತ್ಮಿಕವೋ ಕಾರಣ ಇದ್ದರೆ ಕಂಪೋಸ್ತೇಲಾ ಕೊಡುತ್ತಾರೆ, ಸುಮ್ನೆ ನೋಡಲು ಬಂದೆವು ಅಂದರೆ ಬೇರೆ ಪತ್ರ. ಮನಸ್ಸಿನಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿ.

ಇನ್ನು ಕುದುರೆ. ಅಪ್ಪನ ಭಯ ನನಗೆ ಚೆನ್ನಾಗಿ ಅರ್ಥವಾಗುತ್ತದೆ, ಅಕ್ಕನೂ ಹಿಂದಿನ ರಾತ್ರಿ ನಿದ್ದೆ ಮಾಡಿರಲಿಲ್ಲ. ಕುದುರೆ ಹತ್ತುವುದು ಲಾಸ್ ಎರ್ರೇರಿಯಾಸ್ ಅನ್ನುವ ಹಳ್ಳಿಯಲ್ಲಿ. ಅಲ್ಲಿಂದ ಒ ಸೆಬ್ರೈರೊಗೆ ಬರೀ 8 ಕಿ.ಮೀ., ಆದರೆ 600 ಮೀಟರ್ ಏರಬೇಕು. ಓಡಿಸುವುದೇನೂ ಇಲ್ಲ, ಕುದುರೆಗಳು ಸಾಲಾಗಿ ನಡೆಯುತ್ತವೆ. ಅಕ್ಕನಿಗೆ ಸಿಕ್ಕಿದ್ದು ಬೂದು ಬಣ್ಣದ ಒಂದು ಹಳೆಯ ಹೆಣ್ಣು ಕುದುರೆ. ಬೆಳಗಿನ ಚಳಿಗೆ ಅದರ ಮೂಗಿನಿಂದ ಹಬೆ ಬರುತ್ತಿತ್ತು. ಕುದುರೆಯವನು ಅಕ್ಕನ ಕಾಲು ಹಿಡಿದು ರಿಕಾಪಿನಲ್ಲಿ ಸರಿಯಾಗಿ ಇಟ್ಟ, ಹಿಮ್ಮಡಿ ಕೆಳಗೆ ಒತ್ತಿ ತೋರಿಸಿದ. ಏರುವಾಗ ಮುಂದಕ್ಕೆ ಬಾಗಬೇಕು, ಲಗಾಮು ಸಡಿಲ ಬಿಡಬೇಕು. ಇಲ್ಲದಿದ್ದರೆ ಕುದುರೆಗೆ ಕತ್ತು ಚಾಚಿ ಹತ್ತಲು ಆಗುವುದಿಲ್ಲ. ಅಕ್ಕ ಮೊದಲ ಅರ್ಧ ಗಂಟೆ ಲಗಾಮನ್ನು ಎದೆಗೆ ಅವುಚಿಕೊಂಡೇ ಕೂತಿದ್ದಳು. ಕುದುರೆ ಪದೇ ಪದೇ ತಲೆ ಒದರುತ್ತಿತ್ತು. ಬಿಡಮ್ಮಾ, ಅದಕ್ಕೆ ದಾರಿ ಗೊತ್ತು ಅಂತ ನಾನು ಹಿಂದಿನಿಂದ ಕೂಗಿದೆ. ಲಾ ಫಾಬಾ ದಾಟುವಾಗ ಕೊನೆಗೂ ಅವಳ ಕೈ ಸಡಿಲವಾಯಿತು. ತಕ್ಷಣ ಕುದುರೆಯ ನಡಿಗೆಯೂ ಬದಲಾಯಿತು, ಹಿಂದೆ ಕೂತಿದ್ದ ನನಗೆ ಅದು ಕಣ್ಣಿಗೆ ಕಂಡಿತು.

ಒಂದು ಎಚ್ಚರಿಕೆ ಹೇಳಿಬಿಡುತ್ತೇನೆ. ಕುದುರೆಗಳು ದಾರಿಯ ಅಂಚಿನಲ್ಲೇ ನಡೆಯುತ್ತವೆ, ಪಕ್ಕದಲ್ಲಿ ಕಣಿವೆ ಕಾಣುತ್ತದೆ. ಕೆಳಗೆ ನೋಡಬೇಡಿ, ಕುದುರೆಯ ಎರಡು ಕಿವಿಗಳ ನಡುವೆ ನೋಡಿ ಅಂತ ಅಪ್ಪನಿಗೆ ಮೊದಲೇ ಹೇಳಿ. ಅಷ್ಟಾಗಿಯೂ ಬೇಡ ಅನ್ನಿಸಿದರೆ ಒತ್ತಾಯ ಮಾಡಬೇಡಿ. ವ್ಯಾನ್ ಹೋಗುವ ರಸ್ತೆ ಇದೆ.

ಮೇಲೆ ಹತ್ತಿದ ಮೇಲೆ ಗಲೀಸಿಯಾ ಸೀಮೆ. ಹುಲ್ಲು ಹೊದಿಸಿದ ದುಂಡು ಕಲ್ಲುಮನೆಗಳು, ಒಂದು ಹಳೆಯ ಚರ್ಚು. ದಾರಿಯುದ್ದಕ್ಕೂ ಕಾಣುವ ಹಳದಿ ಬಾಣಗಳನ್ನು 1980ರ ದಶಕದಲ್ಲಿ ಬರೆಯಲು ಶುರು ಮಾಡಿದ್ದು ಇದೇ ಊರಿನ ಪಾದ್ರಿ ಎಲಿಯಾಸ್ ವಲಿನ್ಯಾ. ನಿಮ್ಮ ಅಪ್ಪನಿಗೆ ಇದು ಇಷ್ಟವಾಗುತ್ತದೆ. ಪೋರ್ತೊಮರಿನ್ ಕೂಡ. 1960ರ ದಶಕದಲ್ಲಿ ಅಣೆಕಟ್ಟಿನ ನೀರಿಗೆ ಹಳೆ ಊರು ಮುಳುಗಿತು. ಅಲ್ಲಿನ ಚರ್ಚನ್ನು ಕಲ್ಲು ಕಲ್ಲಾಗಿ ಬಿಚ್ಚಿ ಮೇಲೆ ತಂದು ಕಟ್ಟಿದ್ದಾರೆ. ಕಲ್ಲುಗಳ ಮೇಲೆ ಆಗ ಬರೆದ ನಂಬರ್‌ಗಳು ಇನ್ನೂ ಕಾಣುತ್ತವೆ. ನಾನು ಗೋಡೆಗೆ ಮುಖ ತಾಗಿಸಿಕೊಂಡು ಒಂದೊಂದೇ ಓದುತ್ತಾ ನಿಂತಿದ್ದೆ.

ಯಾತ್ರೆ ಅನ್ನಿಸುತ್ತದಾ ಅಂದಿರಿ. ಚರ್ಚಿನವರೇ ನಡೆದವರಿಗೂ ಕುದುರೆಯಲ್ಲಿ ಬಂದವರಿಗೂ ಒಂದೇ 100 ಕಿ.ಮೀ. ಇಟ್ಟಿದ್ದಾರಲ್ವಾ. ಆದರೆ ನನ್ನ ಅನುಭವ ಹೇಳುತ್ತೇನೆ. ಸೈಕಲ್ ಮೇಲೆ ನಾನು ಯಾರ ಜೊತೆಗೂ ಮಾತಾಡಲಿಲ್ಲ, ಬ್ವೆನ್ ಕಮಿನೊ (ಯಾತ್ರೆ ಚೆನ್ನಾಗಿರಲಿ) ಅಂತ ಕೂಗಿ ಮುಂದೆ ಹೋಗುತ್ತಿದ್ದೆ ಅಷ್ಟೇ. ಸಾರ್ರಿಯಾದಿಂದ ಇಳಿದು ನಡೆದ ಮೇಲೆಯೇ ಎದುರು ಸಿಕ್ಕವರ ಮುಖ ನೆನಪಿನಲ್ಲಿ ಉಳಿದದ್ದು. ಆ ಐದಾರು ದಿನಗಳಲ್ಲಿ ಒಂದು ಮೈಲಿಯನ್ನೂ ವ್ಯಾನ್‌ಗೆ ಬಿಟ್ಟುಕೊಡಬೇಡಿ. ಪಾಲಾಸ್ ದೆ ರೇಯಿಂದ ಅರ್ಜುವಾಗೆ ಸುಮಾರು 29 ಕಿ.ಮೀ., ಅದೊಂದು ದಿನ ಕಷ್ಟ. ಅದನ್ನು ಮೆಲಿದೆಯಲ್ಲಿ ಮುರಿದು ಎರಡು ದಿನ ಮಾಡಲು ಕಂಪನಿಯವರಿಗೆ ಈಗಲೇ ಹೇಳಿ.

ಉತ್ತರ 2

ಸೈಕಲ್ ಭಾಗದ ಬಗ್ಗೆ ನಾನು ಹೇಳುತ್ತೇನೆ. ಬುರ್ಗೋಸ್‌ನಿಂದ ಲಿಯೋನ್‌ಗೆ ಸುಮಾರು 180 ಕಿ.ಮೀ., ಗೋಧಿ ಹೊಲಗಳ ಬಯಲು. ಮೂರು ದಿನ ಕೊಟ್ಟರೆ ಆರಾಮ. ಬಯಲು ಅಂತ ಹೇಳಿದರೂ ಕಾಸ್ತ್ರೊಹೆರಿಸ್ ದಾಟಿದ ಕೂಡಲೇ ಮೊಸ್ತೆಲಾರೆಸ್ ದಿಣ್ಣೆ ಬರುತ್ತದೆ. ಹತ್ತುವಾಗ ತಳ್ಳಿಕೊಂಡು ಹೋಗಿ. ಇಳಿಯುವುದು ಇನ್ನೂ ಕಡಿದು, ಅಲ್ಲಿ ಸೈಕಲ್ ಬಿಡುವ ಧೈರ್ಯ ಮಾಡಬೇಡಿ, ಎರಡೂ ಬ್ರೇಕ್ ಹಿಡಿದು ಮೆಲ್ಲಗೆ ಬನ್ನಿ ಅಥವಾ ಇಳಿದು ನಡೆಯಿರಿ. ಕಾರ್ರಿಯೋನ್ ಬಿಟ್ಟ ಮೇಲೆ 17 ಕಿ.ಮೀ. ಒಂದು ಹಳ್ಳಿಯೂ ಸಿಗುವುದಿಲ್ಲ. ಎದುರು ಗಾಳಿ ಇದ್ದರೆ ಅದೇ ಎರಡು ಗಂಟೆ ಹಿಡಿಯುತ್ತದೆ. ನೀರು ಜಾಸ್ತಿ ಇಟ್ಟುಕೊಳ್ಳಿ. ಫ್ರೋಮಿಸ್ತಾಗೆ ಮೊದಲು ಕಾಲುವೆ ದಂಡೆಯ ಮೇಲೆ ಹೋಗುವ ದಾರಿ ಮಾತ್ರ ತುಂಬಾ ಚೆಂದ. ಅಪ್ಪನಿಗೆ ಬ್ಯಾಟರಿ ಸೈಕಲ್ ಕೊಡುತ್ತಾರಾ ಕೇಳಿ.

ಉತ್ತರ 3

ನಾನು ಫ್ರಾನ್ಸಿನ ಸೇಂಟ್ ಝಾನ್‌ನಿಂದ ಪೂರಾ 780 ಕಿ.ಮೀ. ನಡೆದವನು, 34 ದಿನ ಬೇಕಾಯಿತು. ಬೇಜಾರು ಮಾಡಿಕೊಳ್ಳಬೇಡಿ ಮೇಡಂ, ಪ್ಯಾಕೇಜ್ ಬೇಡ ಅನ್ನುವುದು ನನ್ನ ಅಭಿಪ್ರಾಯ. ಅಪ್ಪ ದಿನಾ ನಡೆಯುತ್ತಾರೆ ಅಂತೀರಿ. ಸಾರ್ರಿಯಾದಿಂದ ನೀವಿಬ್ಬರೇ ನಡೆಯಿರಿ. ದಾರಿ ತಪ್ಪುವ ಮಾತೇ ಇಲ್ಲ, ಗಲೀಸಿಯಾದಲ್ಲಿ ಹೆಜ್ಜೆಹೆಜ್ಜೆಗೂ ಉಳಿದ ದೂರ ಬರೆದ ಕಲ್ಲುಗಳಿವೆ. ಬ್ಯಾಗನ್ನು ಮುಂದಿನ ಊರಿಗೆ ಮುಟ್ಟಿಸುವವರು ಇದ್ದಾರೆ. ಬೇಕಾದ ಕಡೆ ನಿಂತು, ಬೇಕಾದಾಗ ಹೊರಡಬಹುದು. ಗುಂಪಿನ ಜೊತೆ ಹೋದರೆ ಬೇರೆಯವರ ಗಡಿಯಾರಕ್ಕೆ ಕಾಲು ಹಾಕಬೇಕಾಗುತ್ತದೆ.

ಉತ್ತರ 1 ಬರೆದವರು ಮತ್ತೆ

ಸರ್, ನಿಮ್ಮ ಮಾತು ಒಪ್ಪುತ್ತೇನೆ, ಕೊನೆಯ ಭಾಗಕ್ಕೆ ಗೈಡ್ ಬೇಕೇ ಬೇಕು ಅಂತಿಲ್ಲ. ಆದರೆ ಸೈಕಲ್ ತರಿಸುವುದು, ಕುದುರೆ ಗೊತ್ತು ಮಾಡುವುದು, ಲಿಯೋನ್‌ನಿಂದ ಮುಂದಕ್ಕೆ ಗಾಡಿ, ಇದನ್ನೆಲ್ಲ ಭಾಷೆ ಬಾರದೆ ಮಾಡಿಕೊಳ್ಳುವುದು ಕಷ್ಟ. 34 ದಿನ ರಜೆಯೂ ಎಲ್ಲರಿಗೂ ಸಿಗುವುದಿಲ್ಲ. ಆ ಬಯಲನ್ನೂ ಆ ಬೆಟ್ಟವನ್ನೂ ನೋಡದೆ ಬಂದಿದ್ದರೆ ಅಕ್ಕನಿಗೆ ಬೇಸರ ಆಗುತ್ತಿತ್ತು.

ಆದರೆ ದುಡ್ಡು ಕಟ್ಟುವ ಮೊದಲು ಕಂಪನಿಯವರನ್ನು ಬಿಡದೆ ಕೇಳಿ. ನಮ್ಮ ಕಂಪನಿ ಇಬ್ಬರಿಗೂ ಒಂದೇ ಅಳತೆಯ ಸೈಕಲ್ ತಂದಿತ್ತು. ಅಕ್ಕ ಗಿಡ್ಡ. ಸೀಟು ಪೂರ್ತಿ ಇಳಿಸಿದರೂ ಕಾಲು ನೆಲಕ್ಕೆ ಎಟುಕಲಿಲ್ಲ. ಬೇರೆ ಸೈಕಲ್ ಬರುವ ಹೊತ್ತಿಗೆ ಬುರ್ಗೋಸ್‌ನಲ್ಲಿ ಅರ್ಧ ದಿನ ಹೋಯಿತು. ಎತ್ತರ ಬರೆದು ಕಳಿಸಿ, ಸೈಕಲ್ಲಿನ ಅಳತೆ ಬರವಣಿಗೆಯಲ್ಲಿ ತರಿಸಿಕೊಳ್ಳಿ. ಕುದುರೆಗೆ ತೂಕ ಕೇಳುತ್ತಾರೆ, ನಿಜವಾದ ತೂಕ ಹೇಳಿ. ಮಂಜು ಮಳೆ ಬಂದು ಕುದುರೆ ಹೊರಡದಿದ್ದರೆ ಏನು ಮಾಡುತ್ತೀರಿ ಅಂತ ಕೇಳಿ. ನಿಮ್ಮ ವಿಮೆಯಲ್ಲಿ ಕುದುರೆ ಸವಾರಿ ಸೇರಿದೆಯಾ ಅಂತ ಒಮ್ಮೆ ಓದಿ ನೋಡಿ. 2027ಕ್ಕೆ ಹೋಗುವ ಯೋಚನೆ ಇದ್ದರೆ ಬೇಗ ಬುಕ್ ಮಾಡಿ. ಆ ವರ್ಷ ಸಂತ ಯಾಕೋಬರ ಹಬ್ಬ, ಜುಲೈ 25, ಭಾನುವಾರ ಬರುತ್ತದೆ, ಅದು ಅವರಿಗೆ ಪವಿತ್ರ ವರ್ಷ, ಜನ ಜಾಸ್ತಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ತುಂಬಾ ಧನ್ಯವಾದ. ಅಪ್ಪನಿಗೆ ಎಲ್ಲಾ ಓದಿ ಹೇಳಿದೆ. ಕಿವಿಗಳ ನಡುವೆ ನೋಡಬೇಕು ಅಂದದ್ದನ್ನು ಎರಡು ಸಲ ಓದಿಸಿಕೊಂಡರು. ಕುದುರೆ ಹತ್ತುತ್ತೇನೆ ಅಂದಿದ್ದಾರೆ. ವ್ಯಾನ್ ದಾರಿಯಲ್ಲಿ ಕ್ರುಸ್ ದೆ ಫೆರ್ರೊ ಅನ್ನುವ ಕಬ್ಬಿಣದ ಶಿಲುಬೆಯ ಹತ್ತಿರ ನಿಲ್ಲಿಸುತ್ತಾರಂತೆ, ಯಾತ್ರಿಗಳು ಮನೆಯಿಂದ ತಂದ ಕಲ್ಲು ಇಡುವ ಜಾಗ. ಅಪ್ಪ ಆಗಲೇ ಹಿತ್ತಲಿಂದ ಒಂದು ಕಲ್ಲು ತೊಳೆದು ಮೇಜಿನ ಮೇಲೆ ಇಟ್ಟಿದ್ದಾರೆ. ಮುಷ್ಟಿಯಷ್ಟು ದಪ್ಪ ಇದೆ. ತೆಗೆದುಕೊಂಡು ಹೋಗಬಹುದಾ?

ಉತ್ತರ 1 ಬರೆದವರು

ಅಷ್ಟು ದೊಡ್ಡದು ಬೇಡ ಅಂತ ಹೇಳಿ, ನೆಲ್ಲಿಕಾಯಿಯಷ್ಟಿದ್ದರೆ ಸಾಕು. ಮುಂದಿನ ಊರಿಗೆ ಕಳಿಸುವ ದೊಡ್ಡ ಬ್ಯಾಗಿನಲ್ಲಿ ಹಾಕಬೇಡಿ. ಅಕ್ಕನ ಕಲ್ಲು ಹಾಗೆಯೇ ನಮಗಿಂತ ಮೊದಲೇ ಮುಂದಿನ ಊರು ಸೇರಿಬಿಟ್ಟಿತ್ತು. ಅವಳು ಶಿಲುಬೆಯ ಕೆಳಗೆ ಬರಿಗೈಯಲ್ಲಿ ನಿಂತಿದ್ದಳು. ಅಪ್ಪನ ಜೇಬಿನಲ್ಲೇ ಇರಲಿ.