ಪ್ರಶ್ನೋತ್ತರ: ಗಾಳ ಹಾಕಿ ಮನಿ ಖರ್ಚು ಉಳೀತದೇನ್ರಿ?

ಪ್ರಶ್ನೆ (ಚಿತ್ತಾಪುರ ತಾಲ್ಲೂಕು): ಸರ್, ಮನ್ಯಾಗ ಐದು ಮಂದಿ ಅದೀವಿ. ವಾರಕ್ಕ ಎರಡು ಸಲ ಒಂದೂವರೆ ಕಿಲೋ ಮೀನು ತರ್ತೀವಿ, ಕಿಲೋಕ್ಕ 180 ರೂಪಾಯಿ. ತಿಂಗಳಿಗೆ ಎರಡು ಸಾವಿರ ದಾಟ್ತದ. ಕಾಗಿಣಾ ಹೊಳಿ ಎರಡು ಕಿಲೋಮೀಟರ್ ಅದ. ಗಾಳ ಹಾಕಿದ್ರ ಉಳೀತದೇನ್ರಿ? ಸಾಮಾನು ಏನೇನು ಬೇಕು?

ಉತ್ತರ (ಮೀನುಗಾರಿಕೆ ಸಲಹೆಗಾರ): ಎರಡು ಕಿಲೋಮೀಟರ್ ಅಂದ್ರ ಉಳೀತದ್ರಿ. ದೂರ ಆದ್ರ ಉಳಿಯಂಗಿಲ್ಲ. ಹೋಗಿ ಬರಾಕ 70 ಕಿಲೋಮೀಟರ್ ಆದ್ರ, ಲೀಟರಿಗೆ 50 ಕೊಡೋ ಬೈಕಿಗೂ 1.4 ಲೀಟರ್ ಪೆಟ್ರೋಲ್ ಸುಡ್ತದ. ಅದರ ರೊಕ್ಕದಾಗ ಮುಕ್ಕಾಲು ಕಿಲೋ ಮೀನು ಪ್ಯಾಟ್ಯಾಗ ಸಿಗ್ತದ. ನಡಕೊಂಡು ಇಲ್ಲಾ ಸೈಕಲ್ ಮ್ಯಾಲ ಹೋಗೋವಷ್ಟು ಹತ್ರದ ನೀರು ಇದ್ದವರಿಗಷ್ಟ ಇದು ಉಳಿತಾಯ.

ಮೊದಲ ಪರವಾನಗಿ ಕೇಳ್ರಿ. ಕೆರಿ ಮೀನು ಯಾರಪ್ಪಂದೂ ಅಲ್ಲ ಅಂತ ತಿಳ್ಕೋಬ್ಯಾಡ್ರಿ. ಇಲಾಖೆ ಕೆರಿ ಇರಲಿ, ಪಂಚಾಯ್ತಿ ಕೆರಿ ಇರಲಿ, ಮೀನು ಪಾಶುವಾರು ಹಕ್ಕು (ಮೀನು ಸಾಕಿ ಹಿಡಿಯೋ ಹಕ್ಕು) ಹೆಚ್ಚಾಗಿ ಗುತ್ತಿಗೆ ಹೋಗಿರ್ತದ. ಗುತ್ತಿಗಿ ಹಿಡದ ಸಂಘದವರು ಮರಿ ಬಿಟ್ಟಿರ್ತಾರ, ಅವರನ್ನ ಕೇಳದ ಗಾಳ ಹಾಕೋದು ಕಳವೇ. ಹೊಳಿಗೆ, ಜಲಾಶಯಕ್ಕ ಲೈಸೆನ್ಸ್ ಪದ್ಧತಿ ಅದ. ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರ್ಯಾಗ ಕೇಳ್ರಿ. ಜೂನ್‌ದಿಂದ ಆಗಸ್ಟ್ ತನಕ ಹೊಸ ನೀರಿಗೆ ಎದುರೇರಿ ಬರೋ ಮೀನು ತತ್ತಿ ಹೊಟ್ಟಿವು ಇರ್ತಾವ. ಅವನ್ನ ಹಿಡಿಬ್ಯಾಡ್ರಿ. ಒಂದು ಹೆಣ್ಣು ರೋಹುವಿನ ಹೊಟ್ಯಾಗ ಲಕ್ಷಗಟ್ಟಲೆ ತತ್ತಿ ಇರ್ತಾವ.

ಸಾಮಾನು ಇಷ್ಟ ಸಾಕು. ಹತ್ತು ಅಡಿ ಬಿದಿರು ಕೋಲು, ತುದಿ ಕಿರುಬೆರಳಿಗಿಂತ ತೆಳ್ಳಗ ಇರಬೇಕು. 0.28 ಇಲ್ಲಾ 0.30 ಮಿ.ಮೀ. ನೈಲಾನ್ ದಾರ, ಕೋಲಿನಷ್ಟ ಉದ್ದ. ಜಿಲೇಬಿ ಮೀನಿಗೆ 10ನೇ ನಂಬರ್ ಗಾಳದ ಮುಳ್ಳು, ರೋಹು, ಗೆಂಡೆಗೆ 6ನೇ ನಂಬರ್. ನಂಬರ್ ಏರಿದಂಗ ಮುಳ್ಳು ಸಣ್ಣದಾಗ್ತದ, ಅಂಗಡ್ಯಾಗ ಭಾಳ ಮಂದಿ ಇದರಾಗ ತಪ್ಪತಾರ. ರೀಲ್ ಬ್ಯಾಡ, ಹೊಳಿ ದಂಡಿಯಿಂದ ಹತ್ತಡಿ ಒಳಗ ಬೇಕಾದಷ್ಟು ಮೀನು ಮೇಯ್ತಿರ್ತಾವ.

ಬೆಂಡಿಗೆ (ದಾರಕ್ಕ ಕಟ್ಟಿ ನೀರಿನ ಮ್ಯಾಲ ತೇಲಿಬಿಡೋ ತುಂಡು) ಜೋಳದ ದಂಟು ತಗೋರಿ. ಒಣಗಿದ ದಂಟಿನ ಸಿಪ್ಪಿ ಸುಲದು, ಒಳಗಿನ ಬೆಂಡು ಹೆಬ್ಬೆಟ್ಟಿನಷ್ಟು ಕೊಯ್ಯರಿ. ಹಂಗ ಬಿಟ್ರ ಅರ್ಧ ತಾಸಿನ್ಯಾಗ ನೀರು ಕುಡದು ಮುಳುಗ್ತದ, ಅದಕ್ಕ ಕರಗಿದ ಮೇಣಬತ್ತ್ಯಾಗ ಒಮ್ಮೆ ಅದ್ದಿ ತಗೀರಿ. ಮುಳ್ಳಿಂದ ಒಂದು ಗೇಣು ಮ್ಯಾಲ ಸೀಸದ ಗುಂಡು ಕಚ್ಚಸ್ರಿ. ಬೆಂಡು ನೀರಾಗ ತುದಿಯಷ್ಟ ಕಾಣೋ ತನಕ ಸೀಸ ಸೇರಸ್ರಿ. ಬೆಂಡು ಪೂರಾ ತೇಲ್ತಿದ್ರ, ಮೀನು ಹಿಟ್ಟು ಬಾಯಾಗ ಹಾಕ್ಕೊಂಡ ಕೂಡಲೇ ಜಗ್ಗ್ ತಿಳದು ಉಗಳಿ ಬಿಡ್ತದ. ನಿಮಗ ಗೊತ್ತೂ ಆಗಂಗಿಲ್ಲ.

ಗಂಟು: ದಾರ ಮುಳ್ಳಿನ ಕಣ್ಣಾಗ ಹಾಕಿ, ದಾರಕ್ಕ ಐದಾರು ಸುತ್ತು ಸುತ್ತಿ, ತುದಿ ಕಣ್ಣಿನ ಹತ್ರದ ಕುಣಿಕ್ಯಾಗ ತೂರಿಸಿ, ಉಗುಳು ಹಚ್ಚಿ ಸಾವಕಾಶ ಬಿಗೀರಿ. ಒಣ ನೈಲಾನ್ ಜಗ್ಗಿದ್ರ ತಿಕ್ಕಾಟದ ಕಾವಿಗೆ ಅಲ್ಲೇ ಬಲ ಕಳಕೋತದ. ದೊಡ್ಡ ಮೀನು ಬಿದ್ದಾಗ ದಾರ ಹರಿಯೋದು ಹೆಚ್ಚಾಗಿ ಗಂಟಿನ ಹತ್ರ ಯಾಕಂದ್ರ ಇದೂ ಒಂದು ಕಾರಣ.

ಪ್ರಶ್ನೆ (ಸೇಡಂ): ಅಣ್ಣಾ, ಜೋಳದ ಹಿಟ್ಟು ಕಲಸಿ ಹಾಕ್ತೀನಿ, ನೀರಾಗ ಬಿದ್ದ ಕೂಡಲೇ ಕರಗಿ ಹೋಗ್ತದ. ಬರೇ ಮುಳ್ಳು ಮ್ಯಾಲ ಬರ್ತದ.

ಉತ್ತರ: ತಮ್ಮಾ, ಜೋಳದ ಹಿಟ್ಟಿನ್ಯಾಗ ಗೋಧಿಯಂಗ ಜಿಗಿ ಇಲ್ಲ. ರೊಟ್ಟಿ ಮಾಡೋವಾಗ ಕುದಿಯೋ ಎಸರು ಹಾಕ್ತಾರಲ್ಲ, ಅದ ಉಪಾಯ ಇಲ್ಲೂ. ಎರಡು ಮುಟಗಿ ಜೋಳದ ಹಿಟ್ಟಿಗೆ ಎಸರು ಹಾಕಿ ನಾದು. ಆರಿದ ಮ್ಯಾಲ ಒಂದು ಮುಟಗಿ ಮೈದಾ, ಒಂದು ಮುಟಗಿ ಪುಡಿ ಮಾಡಿದ ಶೇಂಗಾ ಹಿಂಡಿ ಸೇರಿಸು. ಕೊನೀಗಿ ಒಂದು ಚೂರು ಹತ್ತಿ ಅರಳಿ ಎಳಿ ಎಳಿ ಬಿಡಿಸಿ ಹಿಟ್ಟಿನ್ಯಾಗ ಕೂಡಿಸಿ ಮತ್ತ ನಾದು. ಕಿವಿ ತುದಿ ಹಿಚುಕಿದ್ರ ಎಷ್ಟು ಮೆತ್ತಗ ಇರ್ತದೋ ಅಷ್ಟು ಮೆತ್ತಗ ಇರಬೇಕು. ಈ ಹಿಟ್ಟು ಹತ್ತು ಹದಿನೈದು ನಿಮಿಷ ಮುಳ್ಳು ಹಿಡದಿರ್ತದ. ಗೋಲಿ ಸಣ್ಣದಿರಲಿ, ಮುಳ್ಳಿನ ತುದಿ ಮುಚ್ಚಿದ್ರ ಸಾಕು. ಗೋಲಿ ದೊಡ್ಡದಾದ್ರ ಸಣ್ಣ ಮೀನು ಸುತ್ತ ಕೆದರಿ ತಿಂದು ಹೋಗ್ತಾವ.

ಅದ ಹಿಂಡಿ ಎರಡು ಮುಟಗಿ ಹಸಿ ಮಣ್ಣಿನ್ಯಾಗ ಕಲಸಿ ಉಂಡಿ ಮಾಡಿ ಒಂದ ಜಾಗಕ್ಕ ಒಗದು, ಅರ್ಧ ತಾಸು ಸುಮ್ಮನ ಕುಂದರು. ಮೀನು ಆ ಜಾಗಕ್ಕ ಕೂಡ್ತಾವ. ಬ್ಯಾಸಗ್ಯಾಗ ನಮ್ಮ ಕಡೆ 42 ಡಿಗ್ರಿ ದಾಟ್ತದ, ಮಧ್ಯಾಹ್ನ ಮೀನು ಆಳಕ್ಕ ಇಳೀತಾವ. ಮುಂಜಾನಿ ಆರರಿಂದ ಒಂಬತ್ತು, ಸಂಜಿ ಐದರ ಮ್ಯಾಲ, ಇಷ್ಟ ಹೊತ್ತು. ಕೊರಮೀನಿಗೆ ಹಿಟ್ಟು ನಡಿಯಂಗಿಲ್ಲ, ಎರಿಹುಳ ಬೇಕು.

ಪ್ರಶ್ನೆ (ಅಫಜಲಪುರ): ಭೀಮಾ ನದ್ಯಾಗ ಇಳದು ಬೀಸು ಬಲಿ ಹಾಕಬಹುದಾ?

ಉತ್ತರ: ಈಜು ಬರ್ತದ ಅಂತ ನಂಬಿ ಇಳಿಬ್ಯಾಡ್ರಿ. ಮರಳು ತಗದ ಗುಂಡಿ ನೀರಿನ ಕೆಳಗ ಕಾಣಂಗಿಲ್ಲ, ಮೊಣಕಾಲು ಮಟ ಇದ್ದದ್ದು ಒಂದು ಹೆಜ್ಜಿಗಿ ತಲಿ ಮುಳುಗೋವಷ್ಟು ಆಗ್ತದ. ಮಹಾರಾಷ್ಟ್ರದ ಉಜನಿ ಡ್ಯಾಮಿಂದ ನೀರು ಬಿಟ್ರ ಇಲ್ಲಿ ಮಳಿ ಇಲ್ಲದಿದ್ರೂ ಹೊಳಿ ಏರ್ತದ. ಬಲಿ ನೆನದು ಭಾರ ಆದಾಗ ಮಣಿಕಟ್ಟಿಗೆ ಬಿಗದ ಹಗ್ಗ ನಿಮ್ಮನ್ನ ಎಳ್ಕೊಂಡು ಹೋಗ್ತದ. ಅದಕ್ಕ ಹಗ್ಗ ಒಂದು ಜಗ್ಗಿಗೆ ಬಿಚ್ಚೋ ಗಂಟು ಇರಲಿ. ಕೃಷ್ಣಾ ದಂಡ್ಯಾಗ ಮೊಸಳಿ ಅದಾವ, ಮಬ್ಬಾದ ಮ್ಯಾಲ ನೀರಿನ ಅಂಚಿಗೆ ಕೂತು ಮೀನು ತೊಳಿಬ್ಯಾಡ್ರಿ. ಆಮಿ ಬಲಿಗೆ ಬಿದ್ರ ಬಲಿ ಹರದರೂ ಚಿಂತಿಲ್ಲ, ಜೀವಂತ ಬಿಡ್ರಿ. ಕಾಯ್ದೆಯಿಂದ ರಕ್ಷಣೆ ಇರೋ ಪ್ರಾಣಿ ಅದು.

ಪ್ರಶ್ನೆ (ಚಿಂಚೋಳಿ): ಹೊಲದಾಗ ಮೊಲ, ಕೌಜುಗ ಭಾಳ ಅದಾವ. ಉರುಲು ಹಾಕಿದ್ರ ಮಾಂಸದ ಖರ್ಚೂ ಉಳೀತದಲ್ರಿ?

ಉತ್ತರ: ಇದಕ್ಕ ಒಂದ ಉತ್ತರ: ಬ್ಯಾಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಮೊಲ, ಕೌಜುಗ, ಬುರ್ಲಿ, ಕಾಡುಹಂದಿ ಬ್ಯಾಟಿ ಎಲ್ಲಾ ಅಪರಾಧ. ಸ್ವಂತ ಹೊಲದಾಗ ಆದ್ರೂ ಅಷ್ಟ. ಮೂರು ವರ್ಷ ತನಕ ಜೈಲು, ಒಂದು ಲಕ್ಷ ತನಕ ದಂಡ. ಚಿಗರಿ, ನವಿಲು ಕಾಯ್ದೆಯ ಮೊದಲನೇ ಪರಿಶಿಷ್ಟದಾಗ (ಹೆಚ್ಚು ರಕ್ಷಣೆ ಇರೋ ಪ್ರಾಣಿಗಳ ಪಟ್ಟಿ) ಬರ್ತಾವ, ಅವಕ್ಕ ಮೂರರಿಂದ ಏಳು ವರ್ಷ. ನಿಮ್ಮ ತಾಲ್ಲೂಕಿನ್ಯಾಗ 2011ರಿಂದ ವನ್ಯಜೀವಿ ಧಾಮ ಅದ, ಚಂದ್ರಂಪಳ್ಳಿ ಜಲಾಶಯ ಅದರ ಒಳಗ ಬರ್ತದ. ಅಲ್ಲಿ ಗಾಳ ಹಾಕೋದಕ್ಕೂ ಮೊದಲು ಅರಣ್ಯ ಇಲಾಖೆಯವರನ್ನ ಕೇಳಬೇಕು. ಮಾಂಸಕ್ಕ ಹಿತ್ತಲದಾಗ ಹತ್ತು ಗಿರಿರಾಜ ಕೋಳಿ ಬಿಡ್ರಿ. ಜೋಳದ ನುಚ್ಚು, ಅಡಗಿ ಮನಿ ಉಳಿಕೆ ತಿಂದು ಬೆಳೀತಾವ.

ಪ್ರಶ್ನೆ (ಯಾದಗಿರಿ): ಸರ್, ಒಮ್ಮೊಮ್ಮೆ ಆರೇಳು ಕಿಲೋ ಬೀಳ್ತದ. ಫ್ರಿಜ್ ಇಲ್ಲ. ಒಣಗಿಸಿದ್ರ ಹುಳ ಬೀಳ್ತಾವ, ಒಳಗ ಕೊಳೀತದ.

ಉತ್ತರ: ಎರಡೂ ಬ್ಯಾರೆ ಬ್ಯಾರೆ ತಪ್ಪು. ಹುಳ ಬೀಳೋದು ನೊಣ ತತ್ತಿ ಇಟ್ಟದ್ದಕ್ಕ, ಅಂದ್ರ ಉಪ್ಪು ಕಡಿಮಿ ಆಗ್ಯದ. ಒಳಗ ಕೊಳಿಯೋದು ನಮ್ಮ ಬಿಸಲಿನ ಕಾಟ. ಏಪ್ರಿಲ್, ಮೇದಾಗ ನಡು ಮಧ್ಯಾಹ್ನ ಇಟ್ರ ಮ್ಯಾಲಿನ ಪದರು ಒಣಗಿ ಚರ್ಮದಂಗ ಬಿಗೀತದ, ಒಳಗಿನ ನೀರು ಹೊರಗ ಬರಾಕ ದಾರಿ ಇಲ್ಲದಂಗ ಆಗ್ತದ.

ಮೀನು ಹಿಡದ ಒಂದು ತಾಸಿನೊಳಗ ಹೊಟ್ಟಿ, ಕಿವಿರು ತಗೀರಿ. ಬೆನ್ನಿನ ಕಡಿಂದ ಸೀಳಿ ಚಾಪಿಯಂಗ ಬಿಚ್ಚರಿ, ದಪ್ಪ ಜಾಗಕ್ಕ ಅಡ್ಡ ಗೀರು ಹಾಕ್ರಿ. ಒಂದು ಕಿಲೋ ಮೀನಿಗೆ ಕಾಲು ಕಿಲೋ ಹರಳುಪ್ಪು. ಗೀರಿನ ಒಳಗೂ ತಿಕ್ಕರಿ. ಪ್ಲಾಸ್ಟಿಕ್ ಬುಟ್ಟ್ಯಾಗ ಒಂದು ಪದರು ಮೀನು, ಒಂದು ಪದರು ಉಪ್ಪು ಹಾಕಿ, ಮ್ಯಾಲ ತೊಳದ ಕಲ್ಲು ಇಟ್ಟು ಒಂದು ದಿನ ಬಿಡ್ರಿ. ಹೊರಗ ಬಂದ ನೀರು ಬಸದು ಹೋಗಬೇಕು. ಆಮ್ಯಾಲ ಒಮ್ಮೆ ತೊಳದು ನೆಲದಿಂದ ಮೂರಡಿ ಎತ್ತರಕ್ಕ ಜಾಳಗಿ ಮ್ಯಾಲ ಹರವಿ, ಸೊಳ್ಳಿ ಪರದೆ ಹಾಕ್ರಿ. ಮುಂಜಾನಿ ಹತ್ತರ ತನಕ, ಸಂಜಿ ನಾಕರ ಮ್ಯಾಲ ಬಿಸಲು. ನಡುವಿನ ಹೊತ್ತು ಗಾಳಿ ಆಡೋ ನೆರಳು. ಮೂರು ನಾಕು ದಿನದಾಗ ಬೆರಳು ಒತ್ತಿದ್ರ ಕುಳಿ ಬೀಳಬಾರದು, ಆವಾಗ ಡಬ್ಬಿಗೆ ಹಾಕ್ರಿ. ಮ್ಯಾಲ ಗುಲಾಬಿ ಬಣ್ಣದ ಕಲೆ ಬಂದ್ರ ಅದು ಉಪ್ಪಿನ್ಯಾಗ ಬೆಳಿಯೋ ಸೂಕ್ಷ್ಮಜೀವಿ. ತೊಳದು ತಿನ್ನಬ್ಯಾಡ್ರಿ, ಚೆಲ್ಲರಿ.

ಮೀನು ವ್ಯಾಪಾರಿ (ಬೀದರ್): ಸರ್ ಹೇಳಿದ್ದಕ್ಕ ಒಂದು ಸೇರಸ್ತೀನಿ. ಹೊಟ್ಟಿ ತಗಿಯೋವಾಗ ಹಸರು ಚೀಲ, ಪಿತ್ತಕೋಶ, ಒಡಿಬಾರದು. ಒಡದ್ರ ಮೀನೆಲ್ಲಾ ಕಹಿ. ಕಣ್ಣಿಗೆ, ಮೈಗೆ ಔಷಧ ಅಂತ ಅದನ್ನ ಹಸಿ ನುಂಗೋರು ಅದಾರ. ರೋಹು, ಕಾಟ್ಲಾ, ಹುಲ್ಲುಗೆಂಡೆ ಪಿತ್ತ ನುಂಗಿದ್ರ ಮೂತ್ರಪಿಂಡ ಕೆಡ್ತದ, ಡಯಾಲಿಸಿಸ್ ತನಕ ಹೋಗ್ತದ. ಕೆರಿ ಮೀನಿನ ಮಣ್ಣು ವಾಸನಿಗೆ ಒಳಗಿನ ಕರೀ ಪೊರೆ ಪೂರಾ ಕೆರದು, ಹುಣಚಿಹುಳಿ, ಅರಿಷಿಣ ಹಚ್ಚಿ ಅರ್ಧ ತಾಸು ಇಡ್ರಿ.

ಪ್ರಶ್ನೆ (ಶಹಾಪುರ): ಹಳ್ಳದಾಗ ಮೀನು ತಾವಾಗೇ ತೇಲಿ ಬರ್ತಾವ, ಮಂದಿ ಬುಟ್ಟಿ ತುಂಬಿ ಒಯ್ತಾರ. ತಿನಬಹುದಾ?

ಉತ್ತರ: ಒಂದನ್ನೂ ತಿನ್ನಬ್ಯಾಡ್ರಿ. ಹತ್ತಿ, ತೊಗರಿಗೆ ಔಷಧ ಹೊಡದ ಮ್ಯಾಲ ಮಳಿ ಬಂದ್ರ ಅದೆಲ್ಲಾ ತೊಳಕೊಂಡು ಹಳ್ಳಕ್ಕ ಬರ್ತದ. ಬೆಳಗಿನ ಜಾವ ಮೀನು ಬಾಯಿ ತಗದು ಮ್ಯಾಲ ಬಂದು, ಬಿಸಲು ಏರಿದ ಮ್ಯಾಲ ಕೆಳಗ ಹೋದ್ರ ಅದು ನೀರಾಗ ಗಾಳಿ ಕಡಿಮಿ ಆದದ್ದು. ಕಪ್ಪಿ, ಏಡಿ, ನೀರಿನ ಹುಳನೂ ಸತ್ತಿದ್ರ ವಿಷ ಅಂತ ತಿಳ್ಕೋರಿ. ಆ ನೀರು ದನಕ್ಕೂ ಕುಡಸಬ್ಯಾಡ್ರಿ.

ಪ್ರಶ್ನೆ (ಭಾಲ್ಕಿ): ಕೃಷಿ ಹೊಂಡ ಅದ, 21 ಮೀಟರ್ ಚೌಕ, ಪ್ಲಾಸ್ಟಿಕ್ ಹಾಕೇವಿ. ಮೀನು ಬಿಡಬಹುದಾ?

ಉತ್ತರ: ಗಾಳಕ್ಕಿಂತ ಇದ ಖಾತ್ರಿ. ತುಂಬಿದ ನೀರು ನೋಡಿ ಮರಿ ಬಿಡಬ್ಯಾಡ್ರಿ, ಬೆಳಿಗೆ ಹಾಯಿಸಿದ ಮ್ಯಾಲ ಫೆಬ್ರುವರ್ಯಾಗ ಉಳಿಯೋ ನೀರಿನ ಲೆಕ್ಕಕ್ಕ ಬಿಡ್ರಿ. ನಿಮಗ 200 ಮರಿ ಸಾಕು: 80 ಕಾಟ್ಲಾ, 60 ರೋಹು, 60 ಮೃಗಾಲ. ಒಂದು ಮ್ಯಾಲ, ಒಂದು ನಡುವ, ಒಂದು ತಳದಾಗ ಮೇಯ್ತದ. ಬೆರಳುದ್ದ ಮರಿನ ತಗೋರಿ, ಅದಕ್ಕಿಂತ ಸಣ್ಣವು ಕಪ್ಪಿ, ಹಾವಿನ ಪಾಲಾಗ್ತಾವ. ಮರಿ ಇರೋ ಚೀಲ ಕಾಲು ತಾಸು ನೀರಿನ ಮ್ಯಾಲ ತೇಲಿಬಿಟ್ಟು ಆಮ್ಯಾಲ ಬಿಚ್ಚರಿ, ಒಮ್ಮೆಲೇ ಸುರದ್ರ ಬಿಸಿ ತಣಪಿನ ಹೊಡತಕ್ಕ ಸಾಯ್ತಾವ.

ಪ್ಲಾಸ್ಟಿಕ್ ಇದ್ದಲ್ಲಿ ಮಣ್ಣಿನ ಸಾರ ನೀರಿಗೆ ಬರಂಗಿಲ್ಲ. ಅದಕ್ಕ ಸಗಣಿ ಗೋಣಿಚೀಲದಾಗ ಕಟ್ಟಿ ಮೂಲಿಗೆ ತೂಗಬಿಡ್ರಿ, ನೀರು ತಿಳಿ ಹಸರಾಗ್ತದ. ಮೊಣಕೈ ತನಕ ಕೈ ಮುಳುಗಿಸಿದಾಗ ಅಂಗೈ ಕಾಣಲಿಲ್ಲ ಅಂದ್ರ ಸಗಣಿ ಚೀಲ ತಗೀರಿ. ಮೇವಿಗೆ ಶೇಂಗಾ ಹಿಂಡಿ, ಅಕ್ಕಿ ತೌಡು ಸಮ ಸಮ. ಮೀನು ನೂರು ಗ್ರಾಂ ಆದಾಗ ಒಟ್ಟು ಇಪ್ಪತ್ತು ಕಿಲೋ ತೂಕ ಅಂತ ಹಿಡದ್ರ ದಿನಕ್ಕ 600 ಗ್ರಾಂ ಮೇವು. ನೂರಕ್ಕ ಎಪ್ಪತ್ತು ಉಳದು, ಒಂದೊಂದು ಅರ್ಧ ಕಿಲೋ ಆದ್ರ 70 ಕಿಲೋ ಬರ್ತದ. ಎಲ್ಲಾ ಒಮ್ಮೆ ಹಿಡಿಬ್ಯಾಡ್ರಿ, ಡಿಸೆಂಬರ್‌ದಿಂದ ದೊಡ್ಡವನ್ನಷ್ಟ ಆರಿಸಿ ವಾರಕ್ಕ ನಾಕೈದು ತಗೀರಿ, ಉಳದವು ಬೇಗ ಬೆಳೀತಾವ.

ಹೊಂಡದ ಪ್ಲಾಸ್ಟಿಕ್ ಇಳಿಜಾರು ಪಾಚಿ ಹಿಡದ್ರ ಕಾಲು ನಿಲ್ಲಂಗಿಲ್ಲ, ಈಜು ಬರೋರೂ ಹತ್ತಿ ಬರಾಕ ಆಗಂಗಿಲ್ಲ. ಮರಿ ಬಿಡೋಕಿಂತ ಮೊದಲ ಸುತ್ತ ಬೇಲಿ ಹಾಕ್ರಿ, ನಾಕೂ ಕಡೆ ಗೂಟಕ್ಕ ಗಂಟು ಹಾಕಿದ ಹಗ್ಗ ಕಟ್ಟಿ ನೀರಿನ ತನಕ ಇಳಿಬಿಡ್ರಿ.