ಮಳೆಗಾಲದ ಕಪ್ಪು ಪರದೆ: ಫ್ಯಾನ್ ತಿರುಗುತ್ತದೆ, ಲ್ಯಾಪ್‌ಟಾಪ್ ಏಳುವುದಿಲ್ಲ

ಪ್ರಶ್ನೆ (ತೀರ್ಥಹಳ್ಳಿ ತಾಲ್ಲೂಕಿನಿಂದ): ನಮಸ್ಕಾರ ಸರ್. ಆಷಾಢದ ಮಳೆ ಹಿಡಿದಾಗಿನಿಂದ ಬ್ಯಾಗಿನಲ್ಲೇ ಇದ್ದ ಮಗಳ ಲ್ಯಾಪ್‌ಟಾಪನ್ನು ನಿನ್ನೆ ತೆಗೆದು ಆನ್ ಮಾಡಿದೆವು. ದೀಪ ಹತ್ತುತ್ತದೆ, ಫ್ಯಾನ್ ತಿರುಗುತ್ತದೆ, ಪರದೆ ಮಾತ್ರ ಕಪ್ಪಾಗಿಯೇ ಇರುತ್ತದೆ. ಮದರ್‌ಬೋರ್ಡ್ ಹೋಗಿದೆ ಎಂದು ಒಬ್ಬರು ಹೇಳಿದರು. ಅವಳ ಅಂತಿಮ ವರ್ಷದ ಪ್ರಾಜೆಕ್ಟ್ ಅದರಲ್ಲೇ ಇದೆ. ಏನು ಮಾಡಬಹುದು?

ಉತ್ತರ (ಶಿವಮೊಗ್ಗದ ರಿಪೇರಿ ತಂತ್ರಜ್ಞ): ನಮಸ್ಕಾರ. ದೀಪ, ಫ್ಯಾನ್ ಎರಡೂ ಕೆಲಸ ಮಾಡುತ್ತಿರುವಾಗ ಮದರ್‌ಬೋರ್ಡ್ ಹೋಗಿದೆಯೆಂದು ಪರೀಕ್ಷಿಸದೆ ಒಪ್ಪಿಕೊಳ್ಳಬೇಡಿ. ಮೊದಲು ಚಾರ್ಜರ್ ತೆಗೆದು, ಬ್ಯಾಟರಿ ಹೊರಗೆ ಬರುವಂಥದ್ದಾದರೆ ಅದನ್ನೂ ಕಳಚಿ, ಪವರ್ ಗುಂಡಿಯನ್ನು 30 ಸೆಕೆಂಡು ಒತ್ತಿ ಹಿಡಿಯಿರಿ. ಒಳಗೆ ಉಳಿದ ವಿದ್ಯುತ್ತು ಇಳಿದುಹೋದ ಮೇಲೆ ಚಾರ್ಜರ್ ಮಾತ್ರ ಹಾಕಿ ನೋಡಿ. ಆಗಲೂ ಕಪ್ಪಾಗಿದ್ದರೆ ಪರದೆಗೆ ಓರೆಯಾಗಿ ಟಾರ್ಚ್ ಬಿಡಿ. ಮಸುಕಾಗಿ ಚಿತ್ರ ಕಂಡರೆ ದೋಷವಿರುವುದು ಪರದೆಯ ಬೆಳಕಿನಲ್ಲಿ. ಎಚ್‌ಡಿಎಂಐ ಕೇಬಲ್‌ನಿಂದ ಟಿವಿಗೆ ಜೋಡಿಸಿದಾಗ ಅಲ್ಲಿ ಚಿತ್ರ ಬಂದರೆ ಅದು ಖಚಿತವಾಗುತ್ತದೆ.

ಟಿವಿಯಲ್ಲೂ ಏನೂ ಬಾರದಿದ್ದರೆ ನನ್ನ ಅನುಮಾನ ಯಂತ್ರದ ತಾತ್ಕಾಲಿಕ ನೆನಪಿನ ಪಟ್ಟಿಯಾದ ರ‍್ಯಾಮ್ ಮೇಲೆ. ನಮ್ಮ ಮಲೆನಾಡಿನಲ್ಲಿ ಗೋಡೆಯೇ ಬೆವರುವ ದಿನಗಳಲ್ಲಿ ಅದರ ಸಂಪರ್ಕದ ಅಂಚಿಗೆ ತೇವವೂ ಧೂಳೂ ಸೇರಿ ತೆಳುವಾದ ಪದರ ಕಟ್ಟುತ್ತದೆ. ಕೆಳಮುಚ್ಚಳ ಬಿಚ್ಚಿ, ಒಳಗಿನ ಬ್ಯಾಟರಿಯ ಸಂಪರ್ಕ ತಪ್ಪಿಸಿ, ರ‍್ಯಾಮ್ ತೆಗೆದು, ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಹಗುರವಾಗಿ ಉಜ್ಜಿ, ಪುಡಿ ಒರೆಸಿ, ಮತ್ತೆ ಭದ್ರವಾಗಿ ಕೂರಿಸಿ. ಎರಡು ರ‍್ಯಾಮ್ ಇದ್ದರೆ ಒಂದೊಂದನ್ನೇ ಹಾಕಿ ನೋಡಿ. ಕೆಲವು ಹೊಸ ಯಂತ್ರಗಳಲ್ಲಿ ರ‍್ಯಾಮ್ ಬೋರ್ಡಿಗೇ ಬೆಸೆದಿರುತ್ತದೆ. ಹಾಗಿದ್ದರೆ ಮುಟ್ಟದೆ ತನ್ನಿ. ಒಣಗಲೆಂದು ಒಲೆಯ ಮೇಲಿನ ಅಟ್ಟದಲ್ಲಿಡುವುದು, ಅಕ್ಕಿಯಲ್ಲಿ ಹೂಳುವುದು ಎರಡೂ ಬೇಡ. ಹೊಗೆಯ ಮಸಿ, ಅಕ್ಕಿಯ ಹುಡಿ ಒಳಹೊಕ್ಕರೆ ತೊಂದರೆ ಹೆಚ್ಚುತ್ತದೆ.

ಮರುಪ್ರಶ್ನೆ: ರಬ್ಬರಿನಿಂದ ಉಜ್ಜಿದ ಮೇಲೆ ಪರದೆ ಬಂತು ಸರ್, ಮನೆಯವರಿಗೆಲ್ಲ ಜೀವ ಬಂದಂತಾಯಿತು. ಆದರೆ ವಿಂಡೋಸ್ ಪೂರ್ತಿ ತೆರೆಯದೆ ಮತ್ತೆ ಮತ್ತೆ ರಿಪೇರಿ ಪರದೆಗೇ ಮರಳುತ್ತಿದೆ.

ಉತ್ತರ: ಪರದೆ ಬಂದದ್ದು ಕೇಳಿ ಸಂತೋಷವಾಯಿತು. ಸತತವಾಗಿ ಕೆಲವು ಬಾರಿ ಏಳಲಾಗದಿದ್ದರೆ ವಿಂಡೋಸ್ ತಾನಾಗಿಯೇ ಆ ಪರದೆಗೆ ಹೋಗುತ್ತದೆ. ಅಲ್ಲಿ ‘ಸ್ಟಾರ್ಟಪ್ ರಿಪೇರ್’ ಒಮ್ಮೆ ನಡೆಸಿ. ಫಲಿಸದಿದ್ದರೆ ಅತ್ಯಗತ್ಯ ಭಾಗಗಳನ್ನಷ್ಟೇ ತೆರೆಯುವ ಸೇಫ್ ಮೋಡ್‌ನಲ್ಲಿ ತೆರೆದು ಪ್ರಾಜೆಕ್ಟನ್ನು ಪೆನ್‌ಡ್ರೈವ್‌ಗೆ ನಕಲಿಸಿ. ನಕಲು ಕೈಸೇರುವವರೆಗೆ ‘ರೀಸೆಟ್’ ಒತ್ತಲೇಬೇಡಿ. ಡಿಸ್ಕಿಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ 48 ಅಂಕಿಗಳ ಕೀಲಿ ಕೇಳಿದರೆ ಗಾಬರಿಯಾಗಬೇಡಿ, ಮಗಳ ಮೈಕ್ರೋಸಾಫ್ಟ್ ಖಾತೆಯನ್ನು ಮೊಬೈಲಿನಲ್ಲಿ ತೆರೆದು ನೋಡಿ, ಸಾಮಾನ್ಯವಾಗಿ ಅಲ್ಲಿ ಉಳಿದಿರುತ್ತದೆ. ಹಾರ್ಡ್‌ಡಿಸ್ಕ್ ಟಕ್ ಟಕ್ ಎನ್ನುತ್ತಿದ್ದರೆ ಮಾತ್ರ ಆ ಕ್ಷಣವೇ ಆಫ್ ಮಾಡಿ, ಮತ್ತೆ ಆನ್ ಮಾಡದೆ ನನ್ನ ಬಳಿಗೆ ತನ್ನಿ, ಏಕೆಂದರೆ ಪ್ರತಿ ಪ್ರಯತ್ನವೂ ಉಳಿದ ಕಡತಗಳನ್ನು ಅಪಾಯಕ್ಕೆ ಒಡ್ಡುತ್ತದೆ.

ಮುಂದೆ ಮಳೆ ನಿಲ್ಲುವವರೆಗೆ ಅದನ್ನು ಬ್ಯಾಗಿನಲ್ಲಿಡದೆ ದಿನಕ್ಕೊಮ್ಮೆ ಒಂದು ಗಂಟೆಯಾದರೂ ಬಳಸಿ. ಯಂತ್ರದ ಸ್ವಂತ ಶಾಖವೇ ತೇವವನ್ನು ಓಡಿಸುತ್ತದೆ. ಗುಡುಗು ಕೇಳಿದೊಡನೆ ಚಾರ್ಜರನ್ನು ಗೋಡೆಯಿಂದ ಕೀಳಿ.